ಪಿತ್ತಕೋಶ ತೆಗೆದ ಮೇಲೂ ಯಕೃತ್ತಿನೊಳಗೆ ಕಲ್ಲು: ಯಕೃತ್ತಿನ ಭಾಗವನ್ನೇ ತೆಗೆಸಬೇಕೆ?

ಪ್ರಶ್ನೆ: ನನ್ನ ಅಕ್ಕನಿಗೆ 46 ವರ್ಷ. ಆರು ವರ್ಷಗಳ ಹಿಂದೆ ಪಿತ್ತಕೋಶದಲ್ಲಿ ಕಲ್ಲುಗಳಿವೆ ಎಂದು ಲ್ಯಾಪರೊಸ್ಕೋಪಿ ಮೂಲಕ ಪಿತ್ತಕೋಶವನ್ನೇ ತೆಗೆಸಿದೆವು. ಎರಡು ವರ್ಷ ಆರಾಮವಾಗಿದ್ದರು. ಆಮೇಲೆ ವರ್ಷಕ್ಕೆ ಎರಡು ಮೂರು ಸಲ ಮೈ ನಡುಗಿಸುವ ಜ್ವರ, ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಬರತೊಡಗಿತು. ಆಂಟಿಬಯೋಟಿಕ್ ಕೊಟ್ಟರೆ ಇಳಿಯುತ್ತಿತ್ತು. ನಾಲ್ಕು ತಿಂಗಳ ಹಿಂದೆ ಜ್ವರದ ಜೊತೆಗೆ ಕಣ್ಣು ಹಳದಿಯಾಯಿತು. ಎಂಆರ್‌ಸಿಪಿ (ಪಿತ್ತನಾಳಗಳ ಎಂಆರ್‌ಐ ಸ್ಕ್ಯಾನ್) ಮಾಡಿಸಿದಾಗ ಯಕೃತ್ತಿನ ಎಡಭಾಗದ ಪಿತ್ತನಾಳಗಳಲ್ಲಿ ಹಲವು ಕಲ್ಲುಗಳಿವೆ, ನಾಳ ಒಂದು ಕಡೆ ಕಿರಿದಾಗಿದೆ, ಎಡಭಾಗ ಕುಗ್ಗಿದೆ ಎಂದು ವರದಿ ಬಂತು. ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸುವ ಇಆರ್‌ಸಿಪಿ ಮಾಡಿ, ಮುಖ್ಯ ನಾಳಕ್ಕೆ ಜಾರಿದ್ದ ಕಲ್ಲನ್ನು ತೆಗೆದು, ರಸ ಹರಿಯಲು ಪ್ಲಾಸ್ಟಿಕ್ ಸ್ಟೆಂಟ್ (ಸಣ್ಣ ನಳಿಕೆ) ಇಟ್ಟಿದ್ದಾರೆ. ಅಂದಿನಿಂದ ಜ್ವರ ಬಂದಿಲ್ಲ. ಈಗ ಶಸ್ತ್ರವೈದ್ಯರು ಯಕೃತ್ತಿನ ಎಡಭಾಗವನ್ನು ತೆಗೆಯಬೇಕು ಎನ್ನುತ್ತಾರೆ. ಪಿತ್ತಕೋಶವೇ ಇಲ್ಲದ ಮೇಲೆ ಕಲ್ಲು ಎಲ್ಲಿಂದ ಬಂತು? ಮೊದಲ ಆಪರೇಷನ್ನಿನಲ್ಲೇ ತಪ್ಪಾಗಿದೆಯೆ? ಮೂತ್ರಪಿಂಡದ ಕಲ್ಲಿನಂತೆ ಲೇಸರ್‌ನಿಂದ ಪುಡಿ ಮಾಡಲು ಬರುವುದಿಲ್ಲವೆ? ಯಕೃತ್ತನ್ನು ಕತ್ತರಿಸಿದ ಮೇಲೆ ಮನುಷ್ಯ ಬದುಕುವುದು ಹೇಗೆ? ಕಲ್ಲು ಮತ್ತೆ ಬರುವುದಿಲ್ಲ ಎಂದು ಯಾರು ಹೇಳುತ್ತಾರೆ? ಅಕ್ಕ ಹೊಲಿಗೆ ಕೆಲಸ ಮಾಡುತ್ತಾರೆ. ಮತ್ತೆ ಮಿಷನ್ ಮುಂದೆ ಕೂರಲು ಆಗುತ್ತದೆಯೆ ಎಂಬುದು ಅವರ ಚಿಂತೆ.

ಉತ್ತರ: ನಿಮ್ಮ ಪತ್ರದ ಉಳಿದೆಲ್ಲ ಪ್ರಶ್ನೆಗಳಿಗಿಂತ ಮೊದಲು ನೀವು ಕೇಳದೇ ಇರುವ ಒಂದು ವಿಷಯವನ್ನು ಹೇಳಿಬಿಡುತ್ತೇನೆ. ಪ್ಲಾಸ್ಟಿಕ್ ಸ್ಟೆಂಟ್ ಇಟ್ಟು ನಾಲ್ಕು ತಿಂಗಳಾಗಿದೆ ಎಂದು ಬರೆದಿದ್ದೀರಿ. ಅಂಥ ಸ್ಟೆಂಟುಗಳು ಸಾಮಾನ್ಯವಾಗಿ ಮೂರು ತಿಂಗಳ ಆಸುಪಾಸಿನಲ್ಲಿ ಒಳಗಿನಿಂದ ಕಟ್ಟಿಕೊಳ್ಳತೊಡಗುತ್ತವೆ. ಬ್ಯಾಕ್ಟೀರಿಯಾ ಮತ್ತು ಪಿತ್ತರಸದ ಗಷ್ಟು ಸೇರಿ ನಳಿಕೆಯೊಳಗೆ ಪದರಗಟ್ಟುತ್ತದೆ. ಜ್ವರವಿಲ್ಲ ಎಂಬ ಕಾರಣಕ್ಕೆ ಅದು ತೆರೆದಿದೆ ಎಂದು ತಿಳಿಯುವ ಹಾಗಿಲ್ಲ. ಶಸ್ತ್ರಚಿಕಿತ್ಸೆಯ ತೀರ್ಮಾನ ಏನೇ ಆಗಲಿ, ಸ್ಟೆಂಟನ್ನು ಬದಲಿಸಬೇಕೋ ತೆಗೆಯಬೇಕೋ ಎಂದು ಅದನ್ನು ಇಟ್ಟ ವೈದ್ಯರನ್ನು ಈ ವಾರವೇ ಕೇಳಿ. ಈ ನಡುವೆ ನಡುಕದ ಜ್ವರ ಬಂದರೆ ಮನೆಯಲ್ಲಿ ಮಾತ್ರೆ ಕೊಟ್ಟು ಕಾಯಬೇಡಿ.

ಈಗ ನಿಮ್ಮ ಮೂಲ ಗೊಂದಲಕ್ಕೆ ಬರೋಣ. ಅದರ ಅರ್ಧ ಪಾಲು ನಾವು ಬಳಸುವ ಹೆಸರುಗಳಿಂದಲೇ ಹುಟ್ಟಿದೆ ಎನ್ನಬೇಕು, ಏಕೆಂದರೆ ಕನ್ನಡದಲ್ಲಿ ಪಿತ್ತಕೋಶ ಎಂಬ ಪದವನ್ನು ಕೆಲವರು ಯಕೃತ್ತಿಗೂ ಬಳಸುತ್ತಾರೆ, ಕೆಲವರು ಅದರ ಕೆಳಗೆ ನೇತಾಡುವ ಸಣ್ಣ ಚೀಲಕ್ಕೂ ಬಳಸುತ್ತಾರೆ. ಆರು ವರ್ಷಗಳ ಹಿಂದೆ ತೆಗೆದದ್ದು ಆ ಚೀಲವನ್ನು. ಆ ಚೀಲ ಪಿತ್ತರಸವನ್ನು ತಯಾರಿಸುವುದಿಲ್ಲ, ಕೂಡಿಟ್ಟು ಗಟ್ಟಿಗೊಳಿಸುತ್ತದೆ ಅಷ್ಟೆ. ಪಿತ್ತರಸವನ್ನು ತಯಾರಿಸುವುದು ಯಕೃತ್ತು, ಅಂದರೆ ಲಿವರ್. ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನಷ್ಟು. ಆ ರಸ ಯಕೃತ್ತಿನೊಳಗೆ ಕೂದಲೆಳೆಯಷ್ಟು ಸಣ್ಣ ನಾಳಗಳಲ್ಲಿ ಹುಟ್ಟಿ, ಮರದ ರೆಂಬೆಗಳು ಕೊಂಬೆಗಳಾಗಿ, ಕೊಂಬೆಗಳು ಬೊಡ್ಡೆಯಾಗಿ ಕೂಡುವಂತೆ, ಎಡ ಮತ್ತು ಬಲ ಎಂಬ ಎರಡು ದೊಡ್ಡ ನಾಳಗಳಾಗಿ, ಕೊನೆಗೆ ಒಂದೇ ಮುಖ್ಯ ಪಿತ್ತನಾಳವಾಗಿ ಸಣ್ಣ ಕರುಳನ್ನು ಸೇರುತ್ತದೆ. ಆ ಎಡ ಬಲ ನಾಳಗಳು ಕೂಡುವ ಸಂಗಮಕ್ಕಿಂತ ಮೇಲೆ, ರೆಂಬೆ ಕೊಂಬೆಗಳೊಳಗೆ ಇರುವ ಕಲ್ಲುಗಳನ್ನೇ ಯಕೃತ್ತಿನೊಳಗಿನ ಪಿತ್ತನಾಳದ ಕಲ್ಲುಗಳು ಎನ್ನುತ್ತೇವೆ. ಚೀಲ ಹೋದರೂ ಈ ಮರ ಇದ್ದೇ ಇರುತ್ತದೆ.

ಎರಡೂ ಕಡೆಯ ಕಲ್ಲುಗಳು ಒಂದೇ ಜಾತಿಯವಲ್ಲ. ಪಿತ್ತಕೋಶದ ಕಲ್ಲುಗಳಲ್ಲಿ ಹೆಚ್ಚಿನವು ಕೊಲೆಸ್ಟರಾಲಿನವು. ಗಟ್ಟಿಯಾಗಿ, ಹಳದಿ ಛಾಯೆಯಲ್ಲಿ ಇರುತ್ತವೆ. ಯಕೃತ್ತಿನ ನಾಳಗಳಲ್ಲಿ ಹುಟ್ಟುವ ಕಲ್ಲುಗಳು ಬಹುಪಾಲು ಕಂದು ಬಣ್ಣದವು, ಬೆರಳ ತುದಿಯಲ್ಲಿ ಒತ್ತಿದರೆ ಒದ್ದೆ ಮಣ್ಣಿನ ಹೆಂಟೆಯಂತೆ ಪುಡಿಯಾಗುವಂಥವು. ಇವು ಹುಟ್ಟಲು ಎರಡು ಸಂಗತಿಗಳು ಕೂಡಬೇಕು: ಪಿತ್ತರಸ ಹರಿಯದೆ ನಿಲ್ಲಬೇಕು, ನಿಂತ ರಸಕ್ಕೆ ಬ್ಯಾಕ್ಟೀರಿಯಾ ಸೇರಬೇಕು. ಈ.ಕೋಲಿ, ಕ್ಲೆಬ್ಸಿಯೆಲ್ಲಾ ಮುಂತಾದ ಕರುಳಿನ ಬ್ಯಾಕ್ಟೀರಿಯಾಗಳು ಬೀಟಾ ಗ್ಲುಕುರೋನಿಡೇಸ್ ಎಂಬ ಕಿಣ್ವವನ್ನು ಬಿಡುತ್ತವೆ. ನೀರಿನಲ್ಲಿ ಕರಗುವಂತೆ ಯಕೃತ್ತು ಸಜ್ಜುಗೊಳಿಸಿ ಕಳಿಸಿದ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ಆ ಕಿಣ್ವ ಮತ್ತೆ ಕರಗದ ರೂಪಕ್ಕೆ ಒಡೆಯುತ್ತದೆ. ಅದು ಕ್ಯಾಲ್ಸಿಯಮ್ಮಿನೊಂದಿಗೆ ಸೇರಿ ಕೆಸರಾಗಿ ಕೂರುತ್ತದೆ. ಕೆಸರು ಕಲ್ಲಾಗುತ್ತದೆ, ಕಲ್ಲು ಹರಿವನ್ನು ಇನ್ನಷ್ಟು ತಡೆಯುತ್ತದೆ, ಸೋಂಕು ಮರುಕಳಿಸಿದಂತೆಲ್ಲ ನಾಳದ ಗೋಡೆ ಊದಿ, ಮಾಯುವಾಗ ಗಾಯದ ಕಲೆಯಂತೆ ಬಿಗಿದು ಕಿರಿದಾಗುತ್ತದೆ, ಕಿರಿದಾದ ಜಾಗದ ಹಿಂದೆ ರಸ ಮತ್ತೆ ನಿಲ್ಲುತ್ತದೆ. ನಿಮ್ಮ ಅಕ್ಕನ ವರದಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ಕಲ್ಲುಗಳದ್ದಲ್ಲ; ‘ನಾಳ ಒಂದು ಕಡೆ ಕಿರಿದಾಗಿದೆ’ ಎಂಬುದು. ಬಾಯಿ ಕಟ್ಟಿದ ಕಾಲುವೆಯಲ್ಲಿ ಹೂಳು ಎತ್ತಿದಷ್ಟೂ ತುಂಬುತ್ತದೆ. ಕಲ್ಲು ಇಲ್ಲಿ ಹೂಳು. ಕಾಯಿಲೆ ಇರುವುದು ಕಾಲುವೆಯಲ್ಲಿ. ಶಸ್ತ್ರವೈದ್ಯರು ಯಾಕೆ ಕಲ್ಲಿನ ಬದಲು ಯಕೃತ್ತಿನ ಮಾತಾಡುತ್ತಿದ್ದಾರೆ ಎಂಬುದಕ್ಕೆ ಉತ್ತರ ಇದೇ.

ಮೊದಲ ಕಿರಿದಾಗುವಿಕೆ ಯಾಕೆ ಶುರುವಾಗುತ್ತದೆ ಎಂಬುದಕ್ಕೆ ಪ್ರತಿ ರೋಗಿಯಲ್ಲೂ ಒಂದೇ ಕಾರಣ ಸಿಗುವುದಿಲ್ಲ. ಚೀನಾ, ತೈವಾನ್, ಕೊರಿಯಾ, ಜಪಾನ್ ಮುಂತಾದ ಪೂರ್ವ ಏಷ್ಯಾದ ನಾಡುಗಳಲ್ಲಿ ಈ ಕಾಯಿಲೆ ಬಹಳ ಕಾಲದಿಂದ ಹೆಚ್ಚು. 1930ರಲ್ಲಿ ಹಾಂಗ್‌ಕಾಂಗಿನಿಂದಲೇ ಇದರ ಮೊದಲ ವಿವರಣೆಗಳು ಬಂದವು. ಪಿತ್ತನಾಳಕ್ಕೆ ಏರುವ ಯಕೃತ್ತಿನ ಚಪ್ಪಟೆ ಹುಳು ಮತ್ತು ದುಂಡು ಜಂತುಹುಳು ಕೆಲವರಲ್ಲಿ ಮೂಲವಾಗಿರುತ್ತವೆ. ಹುಟ್ಟಿನಿಂದಲೇ ನಾಳಗಳು ಉಬ್ಬಿಕೊಂಡಿರುವವರಲ್ಲಿ ರಸ ನಿಲ್ಲುವುದು ಸಹಜ. 40 ವರ್ಷದೊಳಗಿನ ಕೆಲವರಲ್ಲಿ ಎಬಿಸಿಬಿ4 ಎಂಬ ಜೀನಿನ ದೋಷದಿಂದ ಯಕೃತ್ತಿನೊಳಗೆ ಸಣ್ಣ ಕೊಲೆಸ್ಟರಾಲ್ ಕಲ್ಲುಗಳೇ ಆಗುವುದುಂಟು. ಅವರಿಗೆ ಪಿತ್ತಕೋಶ ತೆಗೆದ ಮೇಲೂ ನೋವು ಮರಳುತ್ತದೆ, ಅವರ ಚಿಕಿತ್ಸೆಯ ದಾರಿಯೇ ಬೇರೆ. ಎಡಭಾಗದಲ್ಲೇ ಕಲ್ಲುಗಳು ಹೆಚ್ಚು ಕಾಣುವುದಕ್ಕೆ ರಚನೆಯೂ ಒಂದು ಕಾರಣ: ಎಡ ನಾಳ ಬಲ ನಾಳಕ್ಕಿಂತ ಉದ್ದ, ಹೆಚ್ಚು ಅಡ್ಡಡ್ಡವಾಗಿ ಸಾಗಿ ತಿರುವು ಪಡೆದು ಮುಖ್ಯ ನಾಳವನ್ನು ಸೇರುತ್ತದೆ.

ಹಾಗಾದರೆ ಮೊದಲ ಆಪರೇಷನ್ ತಪ್ಪೆ? ನೀವು ಬರೆದಿರುವ ವಿವರಗಳನ್ನು ನೋಡಿದರೆ ನನಗೆ ಹಾಗೆ ಅನ್ನಿಸುವುದಿಲ್ಲ. ಪಿತ್ತಕೋಶದಲ್ಲಿ ಕಲ್ಲು ಇದ್ದು ತೊಂದರೆ ಕೊಡುತ್ತಿದ್ದರೆ ಅದನ್ನು ತೆಗೆಯುವುದೇ ಸರಿ. ಯಕೃತ್ತಿನೊಳಗಿನ ಕಲ್ಲುಗಳು ಆಗಲೇ ಇದ್ದು ಸಾಧಾರಣ ಸ್ಕ್ಯಾನಿನಲ್ಲಿ ಕಾಣದೆ ಹೋಗಿರಬಹುದು, ಏಕೆಂದರೆ ಕಂದು ಕಲ್ಲುಗಳು ಕೆಲವೊಮ್ಮೆ ಸ್ಪಷ್ಟ ನೆರಳು ಬೀಳಿಸುವುದಿಲ್ಲ. ಒಂದು ಅಂಶವನ್ನು ಮಾತ್ರ ಪ್ರಾಮಾಣಿಕವಾಗಿ ಹೇಳಬೇಕು: ಪಿತ್ತಕೋಶದ ಶಸ್ತ್ರಚಿಕಿತ್ಸೆಯಲ್ಲಿ ಅಪರೂಪಕ್ಕೆ ಪಿತ್ತನಾಳಕ್ಕೆ ಗಾಯವಾಗಿ, ಅದು ಕಿರಿದಾಗಿ, ಅದರ ಮೇಲ್ಭಾಗದಲ್ಲಿ ಕಲ್ಲುಗಳಾಗುವುದುಂಟು. ಆಗ ಕಿರಿದಾದ ಜಾಗ ಸಾಮಾನ್ಯವಾಗಿ ಮುಖ್ಯ ನಾಳದಲ್ಲಿ, ಸಂಗಮದ ಆಸುಪಾಸಿನಲ್ಲಿ ಇರುತ್ತದೆ, ಎರಡೂ ಕಡೆಯ ರೆಂಬೆಗಳು ಹಿಗ್ಗಿರುತ್ತವೆ. ನಿಮ್ಮ ಅಕ್ಕನಲ್ಲಿ ತೊಂದರೆ ಯಕೃತ್ತಿನ ಒಳಗೆ, ಎಡಗಡೆ ಮಾತ್ರ ಇರುವುದರಿಂದ ಆ ಅನುಮಾನಕ್ಕೆ ಬಲವಿಲ್ಲ. ಹಳೆಯ ಆಸ್ಪತ್ರೆಯ ಕಾಗದಗಳನ್ನು ಜೋಪಾನವಾಗಿಡಿ. ಈಗಿನ ಶಸ್ತ್ರವೈದ್ಯರಿಗೆ ಅವು ಬೇಕಾಗುತ್ತವೆ.

ಇನ್ನು ಕಲ್ಲು ಕರಗಿಸುವ ಮಾತು. ಅರ್ಸೊಡಿಆಕ್ಸಿಕೋಲಿಕ್ ಆಮ್ಲದ ಮಾತ್ರೆ ಕೊಲೆಸ್ಟರಾಲ್ ಕಲ್ಲುಗಳ ಮೇಲೆ, ಅದೂ ಆಯ್ದ ಕೆಲವರಲ್ಲಿ, ಕೆಲಸ ಮಾಡುತ್ತದೆ. ಮೇಲೆ ಹೇಳಿದ ಜೀನಿನ ದೋಷವಿರುವವರಿಗೆ ಅದು ಮುಖ್ಯ ಔಷಧವೇ ಹೌದು. ಕಂದು ಕಲ್ಲುಗಳನ್ನು ಅದು ಕರಗಿಸುವುದಿಲ್ಲ. ಎಣ್ಣೆ ಮತ್ತು ನಿಂಬೆರಸ ಕುಡಿದು ‘ಲಿವರ್ ಶುದ್ಧಿ’ ಮಾಡಿಕೊಂಡೆ, ಹಸಿರು ಕಲ್ಲುಗಳು ಹೊರಬಿದ್ದವು ಎಂದು ಡಬ್ಬಿಯಲ್ಲಿ ಹಾಕಿಕೊಂಡು ತಂದು ತೋರಿಸಿದವರನ್ನು ನಾನು ಕಂಡಿದ್ದೇನೆ. ಅವರು ಸುಳ್ಳು ಹೇಳುತ್ತಿರಲಿಲ್ಲ, ಉಂಡೆಗಳು ನಿಜವಾಗಿಯೂ ಬಿದ್ದಿದ್ದವು. ಆದರೆ ಅವು ಕುಡಿದ ಎಣ್ಣೆಯೇ ಕರುಳಿನಲ್ಲಿ ಸಾಬೂನಿನಂತೆ ಗಟ್ಟಿಯಾದ ಉಂಡೆಗಳು. ಸ್ಕ್ಯಾನ್ ಮಾಡಿದರೆ ಕಲ್ಲುಗಳು ಇದ್ದಲ್ಲೇ ಇರುತ್ತವೆ. ನಾಳದಲ್ಲಿ ಸೋಂಕು ಇರುವವರು ಇಂಥದ್ದರಲ್ಲಿ ಕಳೆದುಕೊಳ್ಳುವುದು ಸಮಯವನ್ನು.

ಲೇಸರಿನ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ‘ಆಗುವುದಿಲ್ಲ’ ಎಂದು ಒಂದೇ ಮಾತಿನಲ್ಲಿ ಹೇಳಿ ಕಳಿಸುವುದು ಸರಿಯಲ್ಲ. ಮೂತ್ರನಾಳಕ್ಕೆ ದಪ್ಪನೆಯ ಸ್ನಾಯುವಿನ ಗೋಡೆಯಿದೆ. ಅದು ಅಲೆಅಲೆಯಾಗಿ ಹಿಂಡುತ್ತ ಕಲ್ಲಿನ ಚೂರನ್ನು ಕೆಳಕ್ಕೆ ನೂಕುತ್ತದೆ. ಯಕೃತ್ತಿನೊಳಗಿನ ಪಿತ್ತನಾಳಕ್ಕೆ ಆ ಶಕ್ತಿ ಇಲ್ಲ. ಹೊರಗಿನಿಂದ ಅಲೆ ಹಾಯಿಸಿ ಪುಡಿ ಮಾಡಿದರೂ ಪುಡಿ ಕಿರಿದಾದ ಬಾಯಿಯನ್ನು ದಾಟಿ ತಾನಾಗಿ ಹೊರಬರುವುದಿಲ್ಲ. ಆದ್ದರಿಂದ ಪುಡಿ ಮಾಡುವ ಸಾಧನದೊಂದಿಗೆ ನಾವೇ ನಾಳದೊಳಗೆ ಹೋಗಬೇಕು, ಪುಡಿಯನ್ನು ನಾವೇ ತೊಳೆದು ತೆಗೆಯಬೇಕು. ಅದಕ್ಕೆ ಎರಡು ದಾರಿಗಳಿವೆ.

ಒಂದು, ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ಕರುಳಿನ ಕಡೆಯಿಂದ ಮೇಲೇರುವುದು, ಅಂದರೆ ಇಆರ್‌ಸಿಪಿ. ಮುಖ್ಯ ನಾಳದ ಕಲ್ಲಿಗೆ ಇದು ಅತ್ಯುತ್ತಮ. ನಿಮ್ಮ ಅಕ್ಕನ ಕಾಮಾಲೆಯನ್ನು ಇಳಿಸಿದ್ದೂ ಇದೇ. ಯಕೃತ್ತಿನೊಳಗಿನ ತಿರುವುಗಳನ್ನು, ಕಿರಿದಾದ ಜಾಗಗಳನ್ನು ದಾಟಿ ಕಲ್ಲಿನವರೆಗೆ ಮುಟ್ಟುವುದು ಮಾತ್ರ ಬಹುಪಾಲು ರೋಗಿಗಳಲ್ಲಿ ಕಷ್ಟ. ಎರಡನೆಯದು, ಚರ್ಮದ ಮೂಲಕ ನೇರವಾಗಿ ಯಕೃತ್ತಿನ ಹಿಗ್ಗಿದ ನಾಳಕ್ಕೆ ಸೂಜಿ ಹಾಕಿ, ಒಂದೆರಡು ವಾರಗಳಲ್ಲಿ ಹಂತಹಂತವಾಗಿ ಆ ದಾರಿಯನ್ನು ಪೆನ್ಸಿಲ್ಲಿನಷ್ಟು ಅಗಲಿಸಿ, ಅಲ್ಲಿಂದ ತೆಳ್ಳನೆಯ ದುರ್ಬೀನನ್ನು ಒಳಗೆ ಕಳಿಸುವುದು. ಪರದೆಯ ಮೇಲೆ ಕಾಣುವುದನ್ನು ವಿವರಿಸಿದರೆ ನಿಮಗೆ ಈ ಕೆಲಸದ ಸ್ವರೂಪ ತಿಳಿಯಬಹುದು: ಸಲೈನ್ ಹರಿಸುತ್ತ ಮುಂದೆ ಹೋದಂತೆ ನಾಳದ ಗೋಡೆ ಕೆಂಪಾಗಿ, ಅಲ್ಲಲ್ಲಿ ಬಿಳಿಯ ಪೊರೆ ಅಂಟಿಕೊಂಡಂತೆ ಕಾಣುತ್ತದೆ, ಒಂದೆಡೆ ಗುಂಡುಸೂಜಿಯ ತಲೆಯಷ್ಟು ಸಣ್ಣ ತೂತಿನಿಂದ ಮಂಜಿನಂತೆ ಕೀವು ಕದಡಿ ಬರುತ್ತದೆ. ಆ ತೂತೇ ಕಿರಿದಾದ ಬಾಯಿ. ಅದನ್ನು ಬಲೂನಿನಿಂದ ಹಿಗ್ಗಿಸಿದರೆ ಹಿಂದೆ ಕಂದು ಕಲ್ಲುಗಳ ಸಾಲು ಕಾಣುತ್ತದೆ. ಲೇಸರ್ ಅಥವಾ ವಿದ್ಯುತ್ ಕಿಡಿಯಿಂದ ಒಡೆದು, ತೊಳೆದು, ಬುಟ್ಟಿಯಂಥ ತಂತಿಯಲ್ಲಿ ಹಿಡಿದು ತೆಗೆಯುತ್ತೇವೆ. ಒಂದು ಸಲಕ್ಕೆ ಮುಗಿಯುವುದಿಲ್ಲ. ಮೂರು, ನಾಲ್ಕು, ಕೆಲವೊಮ್ಮೆ ಅದಕ್ಕೂ ಹೆಚ್ಚು ಸಲ ಬರಬೇಕಾಗುತ್ತದೆ, ಅಷ್ಟು ದಿನವೂ ಹೊಟ್ಟೆಯ ಮೇಲೆ ನಳಿಕೆ ಇರುತ್ತದೆ. ರಕ್ತಸ್ರಾವ, ಸೋಂಕು, ನಳಿಕೆ ಜಾರುವುದು ಇದರ ಅಪಾಯಗಳು. ಇದರ ದೊಡ್ಡ ಲಾಭವೆಂದರೆ ಯಕೃತ್ತು ಪೂರ್ತಿಯಾಗಿ ಉಳಿಯುತ್ತದೆ. ದೊಡ್ಡ ನಷ್ಟವೆಂದರೆ ಕಾಯಿಲೆಯ ನಾಳವೂ ಉಳಿಯುತ್ತದೆ. ಕಲ್ಲುಗಳು ಪೂರ್ತಿ ಹೋದವರಲ್ಲೂ, ಕಿರಿದಾದ ನಾಳ ಉಳಿದಿದ್ದರೆ, ವರ್ಷಗಳು ಕಳೆದಂತೆ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಕಲ್ಲು ಮರಳುವುದನ್ನು ಹಲವು ಆಸ್ಪತ್ರೆಗಳ ಅನುಭವ ಹೇಳುತ್ತದೆ. ಕಲ್ಲುಗಳು ಎರಡೂ ಕಡೆ ಹರಡಿರುವವರಿಗೆ, ಹೃದಯ ಅಥವಾ ಶ್ವಾಸಕೋಶದ ಕಾಯಿಲೆಯಿಂದ ದೊಡ್ಡ ಶಸ್ತ್ರಚಿಕಿತ್ಸೆಯನ್ನು ತಾಳಲಾರದವರಿಗೆ, ಹಿಂದೆ ಒಮ್ಮೆ ಯಕೃತ್ತಿನ ಭಾಗ ತೆಗೆಸಿ ಮತ್ತೆ ಕಲ್ಲಾದವರಿಗೆ ನಾನು ಈ ದಾರಿಯನ್ನೇ ಮೊದಲು ಸೂಚಿಸುತ್ತೇನೆ.

ನಿಮ್ಮ ಅಕ್ಕನ ಸ್ಥಿತಿ ಅದಲ್ಲ. ಕಲ್ಲು ಒಂದೇ ಕಡೆ ಇದೆ, ಅಲ್ಲಿ ನಾಳ ಕಿರಿದಾಗಿದೆ, ಆ ಭಾಗ ಕುಗ್ಗಿದೆ, ಸೋಂಕು ನಾಲ್ಕು ವರ್ಷಗಳಿಂದ ಮರುಕಳಿಸುತ್ತಿದೆ, ವಯಸ್ಸು 46. ಈ ಐದೂ ಸೇರಿದಾಗ ಆ ಭಾಗವನ್ನು ತೆಗೆಯುವುದು ಕಲ್ಲು, ಕಿರಿದಾದ ನಾಳ, ಕೆಟ್ಟ ಯಕೃತ್ತು ಮೂರನ್ನೂ ಒಟ್ಟಿಗೆ ತೆಗೆಯುವ ಏಕೈಕ ಚಿಕಿತ್ಸೆ. ನಿಮ್ಮ ಶಸ್ತ್ರವೈದ್ಯರ ಸಲಹೆ ನನಗೂ ಸರಿಯೆನಿಸುತ್ತದೆ.

‘ಜ್ವರವೇ ಇಲ್ಲವಲ್ಲ, ಈಗ ಯಾಕೆ’ ಎಂಬ ಮಾತು ಮನೆಯಲ್ಲಿ ಬಂದೇ ಬರುತ್ತದೆ. ಜ್ವರ ಇಲ್ಲದಿರುವಾಗಲೇ ಮಾಡಬೇಕು. ಸೋಂಕು ಏರಿದ್ದಾಗ ನಾವು ಯಕೃತ್ತನ್ನು ಮುಟ್ಟುವುದಿಲ್ಲ. ಆಗ ಮಾಡುವುದು ಆಂಟಿಬಯೋಟಿಕ್ ಕೊಟ್ಟು ಕಟ್ಟಿಕೊಂಡ ರಸವನ್ನು ಹೊರಬಿಡುವುದಷ್ಟೆ. ಸೋಂಕು ಪೂರ್ತಿ ಇಳಿದು ಕೆಲವು ವಾರಗಳಾದ ಮೇಲೆ ಶಸ್ತ್ರಚಿಕಿತ್ಸೆ ಸುರಕ್ಷಿತ. ಕಾಯುತ್ತ ಹೋದರೆ ಮುಂದಿನ ಸಲ ಹೇಗೆ ಬರುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ. ನೋವು, ನಡುಕದ ಜ್ವರ, ಕಾಮಾಲೆ ಎಂಬ ಮೂರು ಲಕ್ಷಣಗಳ ಕೂಟವನ್ನು ಫ್ರಾನ್ಸಿನ ವೈದ್ಯ ಶಾರ್ಕೋ 1877ರಲ್ಲೇ ಗುರುತಿಸಿದ್ದರು. ಅವುಗಳ ಜೊತೆಗೆ ರಕ್ತದೊತ್ತಡ ಕುಸಿದು ಮಾತು ತೊದಲಿ ಗೊಂದಲವಾದರೆ ಅದು ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಬರುವ ಸ್ಥಿತಿ. ನಿಧಾನವಾಗಿ ನಡೆಯುವ ಹಾನಿಯೂ ಇದೆ: ಯಕೃತ್ತಿನಲ್ಲಿ ಕೀವುಗಡ್ಡೆ, ವರ್ಷಾನುಗಟ್ಟಲೆ ರಸ ಕಟ್ಟಿ ಯಕೃತ್ತು ಕಲೆಗಟ್ಟಿ ಗಡಸಾಗುವ ಸಿರೋಸಿಸ್, ಮತ್ತು ಪಿತ್ತನಾಳದ ಕ್ಯಾನ್ಸರ್.

ಕ್ಯಾನ್ಸರಿನ ಮಾತನ್ನು ನೀವು ಕೇಳಿಲ್ಲ, ಕೇಳಲು ಹೆದರಿದ್ದೀರೇನೋ. ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಯಕೃತ್ತಿನೊಳಗೆ ಕಲ್ಲಿರುವವರಲ್ಲಿ ಬೇರೆ ಬೇರೆ ವರದಿಗಳ ಪ್ರಕಾರ ನೂರಕ್ಕೆ 2ರಿಂದ 10 ಮಂದಿಯಲ್ಲಿ ಪಿತ್ತನಾಳದ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ. ನಾಳ ಕಿರಿದಾಗಿ ಯಕೃತ್ತು ಕುಗ್ಗಿದ ಭಾಗದಲ್ಲಿ ಆ ಅಪಾಯ ಹೆಚ್ಚು. ಅಂದರೆ ಬಹುಪಾಲು ಮಂದಿಗೆ ಅದು ಬರುವುದಿಲ್ಲ. ಆದರೆ ಇದ್ದವರಲ್ಲಿ ಕಲ್ಲುಗಳ ನೆರಳಿನಲ್ಲಿ ಅಡಗಿ, ಸ್ಕ್ಯಾನಿಗೆ ಕಾಣದೆ, ತೆಗೆದ ಭಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮಾತ್ರ ಪತ್ತೆಯಾದದ್ದನ್ನು ನಾನು ಕಂಡಿದ್ದೇನೆ. ಅಕ್ಕನ ರಕ್ತದಲ್ಲಿ ಕ್ಯಾನ್ಸರಿನ ಸುಳಿವಿಗಾಗಿ ನೋಡುವ ಸಿಎ 19-9 ಪರೀಕ್ಷೆ ಮಾಡಿದ್ದರೆ, ಅದು ಜ್ವರ ಮತ್ತು ಕಾಮಾಲೆ ಇದ್ದ ದಿನಗಳದ್ದಾಗಿದ್ದರೆ, ಏರಿದ ಅಂಕಿಯನ್ನು ನೋಡಿ ಗಾಬರಿಯಾಗಬೇಡಿ. ಸೋಂಕಿನಿಂದಲೂ ಅದು ಏರುತ್ತದೆ. ಎಲ್ಲ ಇಳಿದ ಮೇಲೆ ಮತ್ತೊಮ್ಮೆ ಮಾಡಿಸಿದ ಅಂಕಿಗೆ ಬೆಲೆ.

ಯಕೃತ್ತಿನ ಭಾಗ ತೆಗೆದ ಮೇಲೆ ಬದುಕುವುದು ಹೇಗೆ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಆ ಎಂಆರ್‌ಸಿಪಿ ವರದಿಯಲ್ಲೇ ಇದೆ. 1957ರಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ಕ್ವಿನೋ ಯಕೃತ್ತನ್ನು ಎಂಟು ಖಂಡಗಳಾಗಿ ವಿವರಿಸಿದರು; ಪ್ರತಿ ಖಂಡಕ್ಕೂ ತನ್ನದೇ ರಕ್ತ ಬರುವ ದಾರಿ, ತನ್ನದೇ ಪಿತ್ತನಾಳ ಇದೆ. ಹಾಗಾಗಿ ಒಂದು ಖಂಡವನ್ನು ತೆಗೆದರೆ ಉಳಿದವು ತಮ್ಮ ಪಾಡಿಗೆ ಕೆಲಸ ಮಾಡುತ್ತವೆ. ಆರೋಗ್ಯವಂತ ಯಕೃತ್ತಿನಲ್ಲಿ ಒಟ್ಟು ಗಾತ್ರದ ಸುಮಾರು ಕಾಲು ಭಾಗ ಉಳಿದರೂ ಸಾಕಾಗುತ್ತದೆ, ಸಿರೋಸಿಸ್ ಇದ್ದರೆ 40 ಶೇಕಡಾದಷ್ಟಾದರೂ ಬೇಕು. ಎಡಭಾಗ ಪೂರ್ತಿ ಎಂದರೆ ಯಕೃತ್ತಿನ ಸುಮಾರು ಮೂರನೇ ಒಂದು ಪಾಲು. ಅದರ ಹೊರ ಅಂಚಿನ ಎರಡು ಖಂಡಗಳಷ್ಟೇ ಆದರೆ ಇನ್ನೂ ಕಡಿಮೆ. ನಿಮ್ಮ ಅಕ್ಕನಲ್ಲಿ ಆ ಪಾಲು ಕುಗ್ಗಿಹೋಗಿದೆ. ಒಂದು ಕಡೆ ಕುಗ್ಗುವಾಗ ಇನ್ನೊಂದು ಕಡೆ ಬೆಳೆಯುವುದು ಯಕೃತ್ತಿನ ಸ್ವಭಾವ. ಅವರು ಈಗಾಗಲೇ, ಹೆಚ್ಚುಕಡಿಮೆ, ಬಲಭಾಗದ ಮೇಲೆಯೇ ಬದುಕುತ್ತಿದ್ದಾರೆ.

ತೆಗೆದ ಭಾಗವನ್ನು ಪಕ್ಕದ ಮೇಜಿನ ಮೇಲೆ ಇಟ್ಟು ನಾಳದ ಉದ್ದಕ್ಕೂ ಸೀಳಿ ನೋಡುವುದು ನನ್ನ ರೂಢಿ. ಒಳ್ಳೆಯ ಯಕೃತ್ತು ಮೆತ್ತಗೆ, ನಯವಾಗಿ, ಗಾಢ ಕೆಂಗಂದು ಬಣ್ಣದಲ್ಲಿ ಇರುತ್ತದೆ. ಇಂಥ ರೋಗಿಗಳ ಎಡಭಾಗ ಅಂಗೈಯಗಲಕ್ಕೆ ಕುಗ್ಗಿ, ಬೂದು ಬಣ್ಣಕ್ಕೆ ತಿರುಗಿ, ಕತ್ತರಿಗೆ ಚಕ್ಕಳದಂತೆ ತಡೆಯೊಡ್ಡುತ್ತದೆ; ನಾಳದ ಗೋಡೆ ಬಿಳಿಯಾಗಿ ದಪ್ಪಗಾಗಿರುತ್ತದೆ, ಒಳಗೆ ಕಲ್ಲುಗಳು ಒಂದಕ್ಕೊಂದು ಒತ್ತಿಕೊಂಡು ನಾಳದ ಆಕಾರವನ್ನೇ ಪಡೆದಿರುತ್ತವೆ. ಮನೆಯವರು ಬಯಸಿದರೆ ಅವರಿಗೂ ತೋರಿಸುತ್ತೇನೆ. ಎಷ್ಟು ವಿವರಿಸಿದರೂ ಹೋಗದ ‘ಸುಮ್ಮನೆ ಕತ್ತರಿಸಿಬಿಟ್ಟರೇನೋ’ ಎಂಬ ಸಂಕಟ ಅದನ್ನು ಕಂಡ ಮೇಲೆ ಹೋಗುತ್ತದೆ.

ಶಸ್ತ್ರಚಿಕಿತ್ಸೆ ಪೂರ್ಣ ಅರಿವಳಿಕೆಯಲ್ಲಿ ಮೂರರಿಂದ ಆರು ಗಂಟೆ ಹಿಡಿಯಬಹುದು. ಎಡಭಾಗದ ಶಸ್ತ್ರಚಿಕಿತ್ಸೆಯನ್ನು ಅನುಭವವುಳ್ಳ ತಂಡಗಳು ಲ್ಯಾಪರೊಸ್ಕೋಪಿಯಿಂದಲೂ ಮಾಡುತ್ತವೆ. ಆದರೆ ಸೋಂಕು ಮರುಕಳಿಸಿದವರಲ್ಲಿ ಒಳಗಿನ ಅಂಗಗಳು ಅಂಟಿಕೊಂಡಿರುವುದರಿಂದ ಮಧ್ಯದಲ್ಲಿ ಹೊಟ್ಟೆ ತೆರೆಯಬೇಕಾಗಿ ಬಂದರೆ ಅದನ್ನು ಸೋಲೆಂದು ಎಣಿಸಬೇಡಿ. ಯಕೃತ್ತಿನ ಮೇಲೆಯೇ ಅಲ್ಟ್ರಾಸೌಂಡ್ ಇಟ್ಟು ಕಲ್ಲು ಎಲ್ಲಿಯವರೆಗೆ ಇದೆ, ರಕ್ತನಾಳ ಎಲ್ಲಿ ಹಾಯುತ್ತದೆ ಎಂದು ನೋಡಿ ಗೆರೆ ನಿರ್ಧರಿಸುತ್ತಾರೆ. ಭಾಗ ತೆಗೆದ ಮೇಲೆ ಕತ್ತರಿಸಿದ ನಾಳದ ಬಾಯಿಯಿಂದ ಅಥವಾ ಮುಖ್ಯ ನಾಳದಿಂದ ತೆಳು ದುರ್ಬೀನು ಹಾಕಿ ಬಲಭಾಗದಲ್ಲಿ ಕಲ್ಲು ಉಳಿದಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಈ ಕೊನೆಯ ಹೆಜ್ಜೆಯನ್ನು ಅವಸರದಲ್ಲಿ ಬಿಟ್ಟರೆ, ಕಲ್ಲು ‘ಮತ್ತೆ ಬಂತು’ ಎಂದು ಮುಂದೆ ಹೇಳುವುದು ಬಹಳ ಸಲ ಉಳಿದೇ ಹೋಗಿದ್ದ ಕಲ್ಲು. ಅನುಮಾನವಿದ್ದರೆ ಮುಖ್ಯ ನಾಳದಲ್ಲಿ ಟಿ ಆಕಾರದ ನಳಿಕೆ ಬಿಟ್ಟು, ನಾಲ್ಕರಿಂದ ಆರು ವಾರಗಳ ನಂತರ ಅದೇ ದಾರಿಯಲ್ಲಿ ಮತ್ತೆ ಒಳಗೆ ನೋಡಬಹುದು.

ನಾಳವನ್ನು ಕರುಳಿಗೆ ಜೋಡಿಸುವ ಶಸ್ತ್ರಚಿಕಿತ್ಸೆಯ ಬಗ್ಗೆ ಯಾರಾದರೂ ಹೇಳಬಹುದು. ಹಿಂದೆ ಅದನ್ನು ಬಹಳ ಮಂದಿಗೆ ಮಾಡುತ್ತಿದ್ದರು. ಮುಖ್ಯ ನಾಳ ಅಥವಾ ಸಂಗಮವೇ ಕಿರಿದಾಗಿದ್ದಾಗ ಅದು ಬೇಕೇ ಬೇಕು. ಆದರೆ ಮೇಲಿನ ಕಿರಿದಾದ ಜಾಗವನ್ನು ಹಾಗೇ ಬಿಟ್ಟು ಕೆಳಗೆ ಕರುಳನ್ನು ಜೋಡಿಸಿದರೆ ಕರುಳಿನ ಬ್ಯಾಕ್ಟೀರಿಯಾಗಳು ಸಲೀಸಾಗಿ ಮೇಲೇರಿ ಸೋಂಕು ಹೆಚ್ಚುತ್ತದೆ. ನಿಮ್ಮ ಅಕ್ಕನಿಗೆ ಅದನ್ನು ಸೂಚಿಸಿದರೆ ಯಾಕೆ ಎಂದು ಕೇಳಿ. ಎರಡೂ ಕಡೆ ಕಾಯಿಲೆ ಹಬ್ಬಿ ಯಕೃತ್ತೇ ಸೋತವರಿಗೆ ಯಕೃತ್ ಕಸಿಯೊಂದೇ ದಾರಿ; ಅದು ನಿಮ್ಮ ಮನೆಯ ವಿಷಯವಲ್ಲ.

ಅಪಾಯಗಳನ್ನು ಹೇಳದಿದ್ದರೆ ಈ ಉತ್ತರ ಅರ್ಧವಾಗುತ್ತದೆ. ಇಂಥ ಶಸ್ತ್ರಚಿಕಿತ್ಸೆಗಳನ್ನು ನಿಯಮಿತವಾಗಿ ಮಾಡುವ ಕೇಂದ್ರಗಳಲ್ಲಿ ಪ್ರಾಣಾಪಾಯ ಸಾಮಾನ್ಯವಾಗಿ ನೂರಕ್ಕೆ ಒಂದೆರಡನ್ನು ಮೀರುವುದಿಲ್ಲ. ತೊಡಕುಗಳು ಮಾತ್ರ ಕಡಿಮೆಯೇನಲ್ಲ. ನಾಲ್ಕೈದು ಮಂದಿಯಲ್ಲಿ ಒಬ್ಬರಿಗಾದರೂ ಏನಾದರೊಂದು ಆಗುತ್ತದೆ ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಒಳ್ಳೆಯದು. ಅದರಲ್ಲಿ ಹೆಚ್ಚಿನದು ಹೊಲಿಗೆಯ ಗಾಯದ ಸೋಂಕು, ಏಕೆಂದರೆ ನಾಳದ ರಸದಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ. ಇಆರ್‌ಸಿಪಿ ಮಾಡಿದಾಗ ಪಿತ್ತರಸವನ್ನು ಕಲ್ಚರ್‌ಗೆ (ಯಾವ ಬ್ಯಾಕ್ಟೀರಿಯಾ ಇದೆ ಎಂದು ಬೆಳೆಸಿ ನೋಡುವ ಪರೀಕ್ಷೆಗೆ) ಕಳಿಸಿದ್ದರೆ ಆ ವರದಿಯನ್ನು ಹುಡುಕಿ ತನ್ನಿ. ಯಾವ ಆಂಟಿಬಯೋಟಿಕ್ ಕೊಡಬೇಕೆಂದು ತೀರ್ಮಾನಿಸಲು ಆ ಒಂದು ಹಾಳೆ ಸಾಕು. ಕತ್ತರಿಸಿದ ಮೇಲ್ಮೈಯಿಂದ ಪಿತ್ತರಸ ಸೋರುವುದು ಎರಡನೆಯ ತೊಡಕು: ಪಕ್ಕದ ನಳಿಕೆಯಲ್ಲಿ ಹಸಿರುಹಳದಿ ದ್ರವ ಬರುತ್ತದೆ, ಬಹುತೇಕ ಸಲ ಕೆಲವು ದಿನಗಳಿಂದ ವಾರಗಳಲ್ಲಿ ತಾನಾಗಿ ನಿಲ್ಲುತ್ತದೆ, ಕೆಲವರಿಗೆ ಮತ್ತೆ ಸ್ಟೆಂಟ್ ಬೇಕಾಗುತ್ತದೆ. ಹೊಟ್ಟೆಯೊಳಗೆ ಕೀವು ಕೂಡುವುದು, ರಕ್ತಸ್ರಾವ, ಯಕೃತ್ತಿನ ಶಕ್ತಿ ಕುಂದುವುದು ಇನ್ನೂ ಕಡಿಮೆ, ಆದರೆ ಇಲ್ಲವೆನ್ನುವಂತಿಲ್ಲ.

ಶಸ್ತ್ರವೈದ್ಯರ ಮುಂದೆ ಕೂತಾಗ ಕೇಳಬೇಕಾದದ್ದು ಹೆಚ್ಚೇನಿಲ್ಲ. ಎಡಭಾಗ ಪೂರ್ತಿ ತೆಗೆಯುತ್ತೀರೋ ಎರಡು ಖಂಡ ಮಾತ್ರವೋ, ಬಲಭಾಗದಲ್ಲಿ ಕಲ್ಲಿಲ್ಲ ಎಂಬುದು ಎಷ್ಟು ಖಚಿತ, ಉಳಿಯುವ ಯಕೃತ್ತಿನ ಗಾತ್ರವನ್ನು ಸಿಟಿ ಸ್ಕ್ಯಾನಿನಲ್ಲಿ ಅಳೆದಿದ್ದೀರಾ, ಮೇಜಿನ ಮೇಲೆ ನಾಳದೊಳಗೆ ನೋಡುವ ದುರ್ಬೀನು ನಿಮ್ಮಲ್ಲಿದೆಯೆ, ಕ್ಯಾನ್ಸರ್ ಅನುಮಾನ ಬಂದರೆ ಅಲ್ಲಿಯೇ ತುಣುಕು ಪರೀಕ್ಷೆ ಮಾಡಿಸುವ ಅನುಕೂಲ ಇದೆಯೆ, ವರ್ಷಕ್ಕೆ ಎಷ್ಟು ಯಕೃತ್ತಿನ ಶಸ್ತ್ರಚಿಕಿತ್ಸೆ ಮಾಡುತ್ತೀರಿ. ಇವನ್ನು ಕೇಳಿದರೆ ಒಳ್ಳೆಯ ಶಸ್ತ್ರವೈದ್ಯರು ಬೇಸರಿಸುವುದಿಲ್ಲ. ರಕ್ತ ಹೆಪ್ಪುಗಟ್ಟುವ ಪರೀಕ್ಷೆಯನ್ನೂ ನೋಡಿಸಿ. ಪಿತ್ತರಸ ಕರುಳಿಗೆ ಸರಿಯಾಗಿ ಇಳಿಯದವರಲ್ಲಿ ವಿಟಮಿನ್ ಕೆ ಹೀರಿಕೆಯಾಗದೆ ಅದು ಏರುಪೇರಾಗಿರುತ್ತದೆ, ಇಂಜೆಕ್ಷನ್ನಿನಿಂದ ಸರಿಹೋಗುತ್ತದೆ.

ಮತ್ತೆ ಬರುವುದಿಲ್ಲ ಎಂದು ಯಾರೂ ಬರೆದುಕೊಡಲಾರರು, ಬರೆದುಕೊಡುವವರನ್ನು ನಂಬಲೂ ಬೇಡಿ. ಕಾಯಿಲೆ ಒಂದೇ ಕಡೆ ಇದ್ದು, ಆ ಭಾಗ ಪೂರ್ತಿ ಹೋಗಿ, ಉಳಿದ ನಾಳ ಶುದ್ಧವಾಗಿದ್ದರೆ ಕಲ್ಲು ಮರಳುವ ಸಂಭವ ಬೇರೆ ಎಲ್ಲ ದಾರಿಗಳಿಗಿಂತ ಕಡಿಮೆ. ಹೆಚ್ಚಿನವರು ಜ್ವರದ ಕಾಟವಿಲ್ಲದೆ ವರ್ಷಗಳ ಕಾಲ ಇರುತ್ತಾರೆ. ಮೊದಲ ವರ್ಷ ಆರು ತಿಂಗಳಿಗೊಮ್ಮೆ, ಅನಂತರ ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಮತ್ತು ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿದರೆ ಸಾಕು. ತೆಗೆದ ಭಾಗದ ಬಯಾಪ್ಸಿ ವರದಿಯನ್ನು ಕೈಗೆ ತೆಗೆದುಕೊಳ್ಳದೆ ಮಾತ್ರ ಚಿಕಿತ್ಸೆ ಮುಗಿಯಿತೆಂದು ತಿಳಿಯಬೇಡಿ.

ಹೊಲಿಗೆಯ ಮಿಷನ್ನಿನ ಬಗ್ಗೆ ಅಕ್ಕನಿಗೆ ಹೀಗೆ ಹೇಳಿ. ತೊಡಕಿಲ್ಲದಿದ್ದರೆ ಒಂದು ವಾರ, ಹೊಟ್ಟೆ ತೆರೆದಿದ್ದರೆ ಹತ್ತು ದಿನ ಆಸ್ಪತ್ರೆಯಲ್ಲಿರಬೇಕಾಗಬಹುದು. ಮರುದಿನದಿಂದಲೇ ಎಬ್ಬಿಸಿ ನಡೆಸುತ್ತಾರೆ. ಆರು ವಾರ ಭಾರ ಎತ್ತುವಂತಿಲ್ಲ, ಬಟ್ಟೆಯ ಥಾನುಗಳೂ ಅದರಲ್ಲಿ ಸೇರಿದವು. ಕೂತು ಮಾಡುವ ಕೈಹೊಲಿಗೆ, ಗುಂಡಿ ಹಾಕುವಂಥ ಕೆಲಸವನ್ನು ನಾಲ್ಕನೆಯ ವಾರದ ಹೊತ್ತಿಗೆ, ದಣಿವಾದಾಗ ನಿಲ್ಲಿಸುತ್ತ, ಶುರು ಮಾಡಬಹುದು. ಕಾಲಿನಿಂದ ತುಳಿಯುವ ಮಿಷನ್ ಆದರೆ ಹೊಟ್ಟೆಯ ಸ್ನಾಯುಗಳಿಗೆ ಬಿಗಿತ ಬೀಳುವುದರಿಂದ ಆರು ವಾರ ದಾಟಲಿ. ಮೋಟರಿನದಾದರೆ ಅದಕ್ಕಿಂತ ಸ್ವಲ್ಪ ಮೊದಲೇ ಕೂರಬಹುದು.